ಅನುದಿನದ ಆಹಾರವೂ ಆಯ್ಕೆಯ ಭಾರವೂ: ಕೆರಾಡಿಯಿಂದ ‘ಲೌದಾತೊ ಸಿ’ಯ ಒಂದು ಓದು

ಪೋಪ್ ಫ್ರಾನ್ಸಿಸರು 2015ರ ಮೇ 24ರಂದು ಸಹಿ ಹಾಕಿದ ‘ಲೌದಾತೊ ಸಿ’ ವಿಶ್ವಪರಿಪತ್ರವು ಸೃಷ್ಟಿಯನ್ನು ಕುರಿತ ನಮ್ಮ ಕಾಲದ ಕ್ರೈಸ್ತ ಬರಹಗಳಲ್ಲಿ ಬಹು ಮುಖ್ಯವಾದುದು. ಆರು ಅಧ್ಯಾಯಗಳ, 246 ಪರಿಚ್ಛೇದಗಳ ಈ ಬರಹವನ್ನು ಕಥೋಲಿಕ ಸಭೆಯ ಹೊರಗಿನವರೂ ಗೌರವದಿಂದ ಓದಿದ್ದಾರೆ. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಂದೇ ಕೂಗಾಗಿ ಕೇಳಬೇಕೆಂಬ ಅದರ ಒತ್ತಾಯವು ಇಂದು ಎಲ್ಲ ಸಭೆಗಳ ಬೋಧನೆಯಲ್ಲಿಯೂ ನೆಲೆಯೂರಿದೆ. ಇಷ್ಟು ವ್ಯಾಪಕವಾದ ಬರಹವು ಮನುಷ್ಯನು ದಿನಕ್ಕೆ ಎರಡು ಮೂರು ಸಲ ಸೃಷ್ಟಿಯೊಡನೆ ಕೈಯಾರೆ ನಡೆಸುವ ವ್ಯವಹಾರದ ಬಗ್ಗೆ, ಎಂದರೆ ಊಟದ ಬಗ್ಗೆ, ಏನು ಹೇಳುತ್ತದೆ ಎಂಬುದು ಈ ಲೇಖನದ ಪ್ರಶ್ನೆ.

ಈ ಪ್ರಶ್ನೆಯನ್ನು ರೋಮಿನಲ್ಲಿಯೋ ಬೆಂಗಳೂರಿನಲ್ಲಿಯೋ ನಿಂತು ಕೇಳಬಹುದು. ಇಲ್ಲಿ ಅದನ್ನು ಕುಂದಾಪುರ ಸೀಮೆಯ ಕೆರಾಡಿಯಲ್ಲಿ ನಿಂತು ಕೇಳಲಾಗಿದೆ. ಘಟ್ಟದ ತಪ್ಪಲಿನ ಈ ಹಳ್ಳಿಯಲ್ಲಿ ಬೆನ್ನಿಗೆ ಕಾಡು, ಕಣ್ಣೆದುರು ಗದ್ದೆ ತೋಟಗಳು, ಮೀನಿನ ಗಾಡಿ ಏರಿ ಬರುವಷ್ಟು ಹತ್ತಿರದಲ್ಲಿ ಕಡಲು. ಆಹಾರದ ಮೂರು ಮೂಲಗಳಾದ ಕಾಡು, ನೆಲ, ನೀರು ಮೂರೂ ಒಂದೇ ತಟ್ಟೆಯಲ್ಲಿ ಸೇರುವ ಇಂಥ ಸ್ಥಳದಲ್ಲಿ ಪರಿಪತ್ರದ ಬಲವೂ ಅದರ ಕೊರತೆಯೂ ಸ್ಪಷ್ಟವಾಗಿ ಕಾಣುತ್ತವೆ.

ಪರಿಪತ್ರವು ಹೇಳುವುದು

ಮೊದಲು ಅದಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಬೇಕು. ಉತ್ಪಾದನೆಯಾದ ಆಹಾರದ ಮೂರನೆಯ ಒಂದು ಪಾಲು ವ್ಯರ್ಥವಾಗುತ್ತಿರುವುದನ್ನು 50ನೆಯ ಪರಿಚ್ಛೇದ ಎತ್ತಿ ತೋರಿಸಿ, ಎಸೆದ ಅನ್ನವನ್ನು ಬಡವರಿಂದ ಕದ್ದ ಅನ್ನಕ್ಕೆ ಹೋಲಿಸುತ್ತದೆ. ಮಿತಿಮೀರಿದ ಮೀನುಗಾರಿಕೆಯಿಂದ ಕೆಲವು ಜಾತಿಯ ಮೀನುಗಳು ಬರಿದಾಗುತ್ತಿರುವುದು 40ನೆಯದರಲ್ಲಿದೆ. ಸಣ್ಣ ಹಿಡುವಳಿಯ ರೈತರು, ಮೀನುಗಾರರು, ಬೇಟೆಗಾರ ಸಮುದಾಯಗಳು ಸ್ವಲ್ಪವೇ ನೆಲ ನೀರು ಬಳಸಿ ಲೋಕದ ಬಹುಪಾಲು ಜನರನ್ನು ಉಣ್ಣಿಸುತ್ತಿದ್ದಾರೆ ಎಂಬ ಮಹತ್ವದ ಮಾತು 129ನೆಯದರಲ್ಲಿದೆ. ಕೊಳ್ಳುವುದೂ ಒಂದು ನೈತಿಕ ಕ್ರಿಯೆ ಎಂದು 206ನೆಯ ಪರಿಚ್ಛೇದ ಹಿಂದಿನ ಪೋಪ್ ಬೆನೆಡಿಕ್ಟರ ಮಾತನ್ನು ನೆನಪಿಸುತ್ತದೆ. ಉಣ್ಣುವಷ್ಟನ್ನೇ ಬೇಯಿಸುವುದನ್ನು 211ನೆಯದು ದಿನನಿತ್ಯದ ಸದ್ಗುಣಗಳ ಸಾಲಿನಲ್ಲಿ ಇಡುತ್ತದೆ. ಊಟದ ಮೊದಲೂ ನಂತರವೂ ದೇವರಿಗೆ ಸ್ತೋತ್ರ ಸಲ್ಲಿಸುವ ಮರೆತ ವಾಡಿಕೆಗೆ ಮರಳಿರೆಂದು 227ನೆಯದು ಕರೆ ಕೊಡುತ್ತದೆ.

ಇವೆಲ್ಲ ನಿಜವೂ ಒಳ್ಳೆಯವೂ ಆದ ಮಾತುಗಳು. ಆದರೆ ಒಟ್ಟಾಗಿ ಓದಿದಾಗ ಒಂದು ಅಂತರ ಎದ್ದು ಕಾಣುತ್ತದೆ. ತಟ್ಟೆಯಲ್ಲಿ ಉಳಿದುದರ ಬಗ್ಗೆ ಪರಿಪತ್ರ ಕಟುವಾಗಿ ಮಾತಾಡುತ್ತದೆ. ತಟ್ಟೆಗೆ ಬಂದುದರ ಬಗ್ಗೆ ಹೆಚ್ಚೇನೂ ಕೇಳುವುದಿಲ್ಲ. ಹವಾಮಾನದ ಬಿಸಿಯೇರಿಕೆಗೆ ಕಾರಣವಾದ ಅನಿಲಗಳ ನಡುವೆ ಮೀಥೇನನ್ನು 23ನೆಯ ಪರಿಚ್ಛೇದ ಹೆಸರಿಸುತ್ತದೆ, ಕೃಷಿಗಾಗಿ ಕಾಡು ಕಡಿಯುವುದನ್ನೂ ಅಲ್ಲಿಯೇ ಹೇಳುತ್ತದೆ. ಆ ಮೀಥೇನು ಬಹುಪಾಲು ಯಾವ ಕೊಟ್ಟಿಗೆಯಿಂದ, ಯಾವ ಗದ್ದೆಯಿಂದ ಬರುತ್ತದೆ, ಕಡಿದ ಕಾಡು ಯಾರ ಊಟಕ್ಕೆ ಮೇವು ಬೆಳೆಯುತ್ತದೆ ಎಂಬಲ್ಲಿಗೆ ಅದು ಹೋಗುವುದಿಲ್ಲ. ಮಾಂಸದ ಬಳಕೆಯನ್ನು ತಗ್ಗಿಸುವ ವಿಷಯಕ್ಕೆಂದೇ ಒಂದು ಪರಿಚ್ಛೇದವೂ ಮೀಸಲಾಗಿಲ್ಲ.

ಈ ಮೌನ ಚಿಕ್ಕದಲ್ಲ. ಜಾನುವಾರು ಸಾಕಣೆಯೊಂದರಿಂದಲೇ ಮನುಷ್ಯಕೃತ ಹಸಿರುಮನೆ ಅನಿಲಗಳಲ್ಲಿ ಶೇ 14.5ರಷ್ಟು ಹೊಮ್ಮುತ್ತದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರಲ್ಲಿಯೇ, ಎಂದರೆ ಪರಿಪತ್ರಕ್ಕೆ ಎರಡು ವರ್ಷ ಮೊದಲೇ, ಅಂದಾಜು ಮಾಡಿತ್ತು. ನಂತರ 2018ರಲ್ಲಿ ಪೂರ್ ಮತ್ತು ನೆಮೆಚೆಕ್ ಎಂಬ ಸಂಶೋಧಕರು 119 ದೇಶಗಳ ಸುಮಾರು 38,700 ಹೊಲಗಳ ಮಾಹಿತಿಯನ್ನು ಕಲೆಹಾಕಿ, ಪ್ರಾಣಿಮೂಲದ ಆಹಾರವು ಲೋಕದ ಕೃಷಿಭೂಮಿಯ ಶೇ 83ನ್ನು ಬಳಸಿಕೊಂಡು ಕ್ಯಾಲೊರಿಯಲ್ಲಿ ಶೇ 18ನ್ನು, ಪ್ರೋಟೀನಿನಲ್ಲಿ ಶೇ 37ನ್ನು ಮಾತ್ರ ಕೊಡುತ್ತಿದೆ ಎಂದು ತೋರಿಸಿದರು. ಈ ಲೆಕ್ಕವನ್ನು ಕಣ್ಣಿಗೆ ಹಿಡಿಸದ ಸೃಷ್ಟಿಪಾಲನೆಯ ಬೋಧನೆಯು ಮನೆಯ ದೀಪ ಆರಿಸಲು ಹೇಳಿ ಒಲೆಯ ಕಡೆ ನೋಡದೆ ಹೋದಂತಾಗುತ್ತದೆ.

ತಟ್ಟೆಯ ಮುಂದೆ ಕುಳಿತ ಒಂಟಿ ಮನುಷ್ಯ

ಪರಿಪತ್ರ ಬಿಟ್ಟ ಜಾಗವನ್ನು ಬೇರೆಯವರು ತುಂಬಿದರು. 2019ರಲ್ಲಿ ಈಟ್-ಲ್ಯಾನ್ಸೆಟ್ ಆಯೋಗವು ಇಡೀ ಭೂಲೋಕಕ್ಕೆ ಹೊಂದುವ ಒಂದು ಊಟದ ಪಟ್ಟಿಯನ್ನೇ ಮುಂದಿಟ್ಟಿತು: ದಿನಕ್ಕೆ ಕೆಂಪು ಮಾಂಸ 14 ಗ್ರಾಂ, ಮೀನು 28 ಗ್ರಾಂ, ಹಾಲು 250 ಗ್ರಾಂ ಎಂಬಂತೆ. ಒಂದು ಬರಹ ಸುಮ್ಮನಿರುವಲ್ಲಿ ಇನ್ನೊಂದು ತಕ್ಕಡಿ ಹಿಡಿದು ನಿಲ್ಲುತ್ತದೆ.

ಮೇಲ್ನೋಟಕ್ಕೆ ಇವೆರಡು ವಿರುದ್ಧ ದಿಕ್ಕಿನವು. ಆದರೂ ಊಟದ ವಿಷಯದಲ್ಲಿ ಎರಡರ ಕಣ್ಣೆದುರು ಇರುವವನು ಒಬ್ಬನೇ: ಅಂಗಡಿಯ ಸಾಲುಸಾಲು ಕಪಾಟುಗಳ ಮುಂದೆ ನಿಂತು ತನಗೆ ಬೇಕಾದುದನ್ನು ಆರಿಸಿಕೊಳ್ಳಬಲ್ಲ, ಬೇಡವಾದುದನ್ನು ಬಿಡಬಲ್ಲ ಗ್ರಾಹಕ. ಒಂದು ಬರಹ ಅವನಿಗೆ ಕೃತಜ್ಞತೆಯನ್ನೂ ಮಿತವ್ಯಯವನ್ನೂ ಕಲಿಸುತ್ತದೆ. ಇನ್ನೊಂದು ಗ್ರಾಮುಗಳನ್ನು ಕಲಿಸುತ್ತದೆ. ನ್ಯಾಯಕ್ಕಾಗಿ ಹೇಳಬೇಕೆಂದರೆ, ಪರಿಪತ್ರವು ಬೇರೆಡೆಗಳಲ್ಲಿ ಈ ಗ್ರಾಹಕನನ್ನು ದಾಟಿ ಬಹಳ ದೂರ ಹೋಗುತ್ತದೆ. ಖಾಸಗಿ ಆಸ್ತಿಯು ಸರ್ವರ ಹಿತಕ್ಕೆ ಅಧೀನವೆಂದು 93ನೆಯ ಪರಿಚ್ಛೇದವೂ, ರೈತನಿಗೆ ಉಳುವ ನೆಲದ ಮೇಲಿರುವ ಹಕ್ಕನ್ನು 94ನೆಯದೂ ಹೇಳುತ್ತವೆ. ಆದರೆ ಈ ಮಾತುಗಳು ಊಟದ ಮಾತುಗಳೊಡನೆ ಒಂದೇ ಪಂಕ್ತಿಯಲ್ಲಿ ಕೂರುವುದಿಲ್ಲ. ನೆಲದ ಅಧ್ಯಾಯ ಒಂದೆಡೆ, ಸದ್ಗುಣದ ಅಧ್ಯಾಯ ಇನ್ನೊಂದೆಡೆ. ನಮ್ಮ ವಿಮರ್ಶೆ ಇರುವುದು ಈ ಬಿರುಕಿನ ಬಗ್ಗೆ. ದಿನನಿತ್ಯದ ಊಟವು ಸೃಷ್ಟಿಯ ಮೇಲೆ ಹೊರಿಸುವ ಭಾರವನ್ನು ಉಣ್ಣುವವನ ಆಯ್ಕೆಯಿಂದ ಮಾತ್ರ ಅಳೆದರೆ, ಆಯ್ಕೆಯೇ ಇಲ್ಲದವನ ಮೇಲೆ ಅಪರಾಧವನ್ನು ಹೊರಿಸಿ, ಆಯ್ಕೆಯನ್ನು ಮೊದಲೇ ಮಾಡಿ ಮುಗಿಸಿದವರನ್ನು ಬಿಟ್ಟುಬಿಟ್ಟಂತಾಗುತ್ತದೆ.

ಅಕ್ಕಿಯ ಕಥೆ

ಕೆರಾಡಿಯ ತಟ್ಟೆಯಲ್ಲಿ ಮೊದಲು ಬೀಳುವುದು ಕುಚ್ಚಲಕ್ಕಿಯ ಅನ್ನ ಅಥವಾ ಗಂಜಿ. ಈ ಅಕ್ಕಿಗೂ ನಮ್ಮ ಸಭೆಗೂ ಹಳೆಯ ನಂಟಿದೆ. ಕುಂದಾಪುರದ ಪಕ್ಕದ ಬಸ್ರೂರು ಒಂದು ಕಾಲಕ್ಕೆ ಅಕ್ಕಿಯ ದೊಡ್ಡ ಬಂದರು. ಕೆನರಾ ಕರಾವಳಿಯ ಅಕ್ಕಿ ಗೋವೆಗೂ ಮಸ್ಕತ್ತಿಗೂ ಹಡಗೇರಿ ಹೋಗುತ್ತಿತ್ತು. ಆ ಅಕ್ಕಿಯ ಮೇಲೆ ಕಣ್ಣಿಟ್ಟೇ ಪೋರ್ಚುಗೀಸರು 1569ರಲ್ಲಿ ಬಸ್ರೂರಿನ ಕೋಟೆಯನ್ನು ಹಿಡಿದರು. ಕುಂದಾಪುರದ ಹೋಲಿ ರೋಸರಿ ಚರ್ಚು ತನ್ನ ಆರಂಭವನ್ನು 1570ಕ್ಕೆ ಎಣಿಸುತ್ತದೆ. ಈ ಸೀಮೆಯಲ್ಲಿ ಸುವಾರ್ತೆಯೂ ಅಕ್ಕಿಯ ವ್ಯಾಪಾರವೂ ಒಂದೇ ಗಾಳಿಗೆ ಹಾಯಿ ಬಿಚ್ಚಿದ್ದವು. ಆದುದರಿಂದ ಅನ್ನದ ರಾಜಕಾರಣವನ್ನು ದೇವಶಾಸ್ತ್ರಕ್ಕೆ ಹೊರಗಿನ ವಿಷಯವೆಂದು ಭಾವಿಸಲು ನಮಗೆ ಅವಕಾಶವಿಲ್ಲ.

ಲೋಕಕ್ಕೆ ಅಕ್ಕಿ ಕೊಟ್ಟ ಸೀಮೆ ಇಂದು ಹೊರಗಿನ ಅಕ್ಕಿಯನ್ನು ಉಣ್ಣುತ್ತಿದೆ. ಬೈಲು, ಮಜಲು, ಬೆಟ್ಟು ಎಂದು ನೀರಿನ ಆಸರೆಗೆ ತಕ್ಕಂತೆ ವಿಂಗಡಿಸಿ ಉಳುತ್ತಿದ್ದ ಗದ್ದೆಗಳಲ್ಲಿ ಎಷ್ಟೋ ಇಂದು ಹಡಿಲು ಬಿದ್ದಿವೆ. ಇನ್ನೆಷ್ಟೋ ಅಡಕೆ ತೋಟವಾಗಿವೆ. ಘಟ್ಟದ ತಪ್ಪಲಿನ ಗುಡ್ಡಗಳನ್ನು ರಬ್ಬರ್ ಏರಿದೆ. ಅಡಕೆಯೂ ರಬ್ಬರೂ ಹೊಟ್ಟೆ ತುಂಬಿಸುವ ಬೆಳೆಗಳಲ್ಲ. ಅಡಕೆಯನ್ನು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಘೋಷಿಸಿದೆ. ಆದರೂ ರೈತನು ಅದರ ಕಡೆ ವಾಲಿದರೆ ಅವನ ದುರಾಸೆಯಿಂದಲೇ ಎಂದು ಹೇಳುವಂತಿಲ್ಲ. ನಾಟಿಗೆ ಆಳಿಲ್ಲ, ಇದ್ದ ಆಳಿನ ಕೂಲಿಗೆ ಭತ್ತದ ಬೆಲೆ ಸಾಲದು, ತೆನೆ ಬಲಿಯುವ ಹೊತ್ತಿಗೆ ಹಂದಿ, ಮಂಗ, ನವಿಲುಗಳ ದಾಳಿ. ಗದ್ದೆಯಲ್ಲಿ ನಿಂತ ಮಳೆನೀರು ಸುತ್ತಲಿನ ಬಾವಿಗಳಿಗೆ ಇಳಿಯುತ್ತಿತ್ತು. ಆ ಉಪಕಾರಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಪಡಿತರದಲ್ಲಿ ಬರುವ ಅಕ್ಕಿಯೋ ಬಹುತೇಕ ದೂರದ ನೆಲದ ನೀರು ಕುಡಿದು ಬೆಳೆದ ಬೆಳ್ತಿಗೆ. ಪಡಿತರದಲ್ಲಿ ಕುಚ್ಚಲಕ್ಕಿಯನ್ನೇ ಕೊಡಿರೆಂದು ಕರಾವಳಿಯ ಜನರು ಕೇಳುತ್ತ ಬಂದಿರುವುದು ನಾಲಗೆಯ ಚಪಲದ ಮಾತಲ್ಲ. ತಮ್ಮ ಗದ್ದೆಗೂ ತಮ್ಮ ತಟ್ಟೆಗೂ ಇದ್ದ ದಾರಿಯನ್ನು ಮತ್ತೆ ತೆರೆಯಿರಿ ಎಂಬುದೇ ಆ ಬೇಡಿಕೆಯ ಅರ್ಥ. 2021ರಲ್ಲಿ ಉಡುಪಿಯ ಸುತ್ತ ಹಡಿಲು ಭೂಮಿಯಲ್ಲಿ ಮತ್ತೆ ಭತ್ತ ಬಿತ್ತುವ ಆಂದೋಲನ ನಡೆದಾಗ ಜನರು ಉತ್ಸಾಹದಿಂದ ಕೆಸರಿಗೆ ಇಳಿದದ್ದೂ ಇದನ್ನೇ ಸೂಚಿಸುತ್ತದೆ.

ಈ ಸೀಮೆಯ ಕಥೆಯನ್ನು ದೂರದವರೂ ನೋಡಿದ್ದಾರೆ. ಕೆರಾಡಿಯಲ್ಲಿ ಚಿತ್ರೀಕರಣಗೊಂಡು 2022ರಲ್ಲಿ ಬಿಡುಗಡೆಯಾದ ‘ಕಾಂತಾರ’ ಚಿತ್ರದಲ್ಲಿ ಊರವರಿಗೂ ಅರಣ್ಯಾಧಿಕಾರಿಗೂ ನಡೆಯುವ ಜಗಳ ಬೇಟೆಯ, ಕಾಡಿನ ಬಳಕೆಯ ಜಗಳವಾಗಿ ಆರಂಭವಾಗುತ್ತದೆ. ಕಡೆಗೆ ಊರಿನ ನಿಜವಾದ ವೈರಿಯಾಗಿ ಹೊರಬೀಳುವವನು ನೆಲವನ್ನು ನುಂಗಲು ಹವಣಿಸುವ ಧಣಿ. ಚಿತ್ರದ ದೈವಕಲ್ಪನೆಯ ಬಗ್ಗೆ ಕ್ರೈಸ್ತ ಓದುಗನಿಗೆ ಬೇರೆ ಮಾತುಗಳಿರಬಹುದು. ಆದರೆ ಹಂದಿಯ ಮಾಂಸ ತಿನ್ನುವವನ ಮೇಲೆ ಕಣ್ಣಿಟ್ಟು ನೆಲ ತಿನ್ನುವವನನ್ನು ಕಾಣದೆ ಹೋಗುವ ಅಪಾಯವನ್ನು ಅದು ಗುರುತಿಸಿದೆ. ಆಹಾರದ ಪರಿಸರನೀತಿಗೆ ಇದು ಬೇಕಾದ ಎಚ್ಚರ.

ಇದೇ ಸೀಮೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ‘ಚೋಮನ ದುಡಿ’ (1933) ನಮ್ಮನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಸ್ವಂತ ಬೇಸಾಯ ಮಾಡಬೇಕೆಂಬ ದಲಿತ ಚೋಮನ ಆಸೆಗೆ ಅವನ ಜಾತಿಯೇ ಅಡ್ಡಿಯಾಗುತ್ತದೆ. ಮತ ಬದಲಿಸಿದರೆ ನೆಲ ಸಿಗುವುದೆಂಬ ದಾರಿ ಮಿಶನರಿಗಳ ಕಡೆಯಿಂದ ತೆರೆದಿದ್ದರೂ ಅವನು ಅದನ್ನು ದಾಟದೆ ಹಿಂದಿರುಗುತ್ತಾನೆ. ಚೋಮನಿಗೆ ಏನು ಉಣ್ಣಬೇಕೆಂಬ ಪ್ರಶ್ನೆ ಎಂದೂ ಇರಲಿಲ್ಲ. ಬೆಳೆಯುವ ಹಕ್ಕು ಯಾರದು ಎಂಬುದೇ ಅವನ ಪ್ರಶ್ನೆ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರಿಗೆ ನೆಲ ಸಿಕ್ಕಿತು; ಗೇಣಿಯೂ ಇಲ್ಲದೆ ಕೂಲಿಯಲ್ಲಿಯೇ ಬದುಕಿದ ಚೋಮನಂಥವರಲ್ಲಿ ಎಷ್ಟೋ ಮಂದಿಗೆ ಸಿಗಲಿಲ್ಲ. ಅಂದು ಆಸೆಪಟ್ಟವನಿಗೆ ದೊರೆಯದ ನೆಲವು ಇಂದು ಉಳುವವರಿಲ್ಲದೆ ಹಡಿಲು ಬಿದ್ದಿರುವುದು ಈ ಸೀಮೆಯ ಪರಿಸರಚರಿತ್ರೆಯ ಅತಿ ಕಹಿಯಾದ ಸಂಗತಿ. ‘ಲೌದಾತೊ ಸಿ’ಯ 94ನೆಯ ಪರಿಚ್ಛೇದವನ್ನು 211ನೆಯದರೊಡನೆ ಜೋಡಿಸಿ ಓದಬೇಕೆಂದು ಹೇಳುವುದು ಇದಕ್ಕಾಗಿಯೇ.

ಮೀನಿನ ಕಥೆ

ಅನ್ನದ ಜೊತೆಗೆ ಮೀನು. ಕುಂದಾಪುರದ ಬಡವನ ಮೀನೆಂದರೆ ಬೈಗೆ. ತುಳುವರು ಅದನ್ನು ಭೂತಾಯಿ ಎನ್ನುತ್ತಾರೆ, ಕೊಂಕಣಿಗರು ತಾರ್ಲಿ ಎನ್ನುತ್ತಾರೆ. ಪರಿಸರದ ತಕ್ಕಡಿಯಲ್ಲಿ ಈ ಚಿಕ್ಕ ಮೀನಿನ ತೂಕ ಬಹಳ ಹಗುರ. ಅದಕ್ಕೆ ಮೇವು ಬೆಳೆಯಬೇಕಿಲ್ಲ, ಕಾಡು ಕಡಿಯಬೇಕಿಲ್ಲ, ಹತ್ತಿರದ ನೀರಿನಲ್ಲಿಯೇ ಅದು ಸಿಗುತ್ತದೆ. ಗಂಜಿಯ ಜೊತೆ ನಾಲ್ಕು ಬೈಗೆ ತಿನ್ನುವ ಮನೆಯು ಲೋಕದ ಯಾವ ಪರಿಸರತಜ್ಞನ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಆದರೂ ಬೈಗೆ ಬರಿದಾಗುವ ಕಾಲ ಬಂದುಹೋಯಿತು. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ನಿನಷ್ಟಿದ್ದ ಇದರ ಹಿಡುವಳಿ 2021ರಲ್ಲಿ 3,297 ಟನ್ನಿಗೆ ಕುಸಿದುದನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ದಾಖಲಿಸಿದೆ. ಕಡಲ ಬಿಸಿಯೂ ಪ್ರವಾಹಗಳ ವ್ಯತ್ಯಾಸವೂ ಇದಕ್ಕೆ ಕಾರಣಗಳೆನ್ನುತ್ತಾರೆ. ಮಿತಿಮೀರಿ ಹಿಡಿದದ್ದೂ ಒಂದು ಕಾರಣ. ಹಾಗೆ ಹಿಡಿದ ಮೀನಿನಲ್ಲಿ ಒಂದು ಪಾಲು ಮನುಷ್ಯನ ತಟ್ಟೆಗೆ ಬರುವುದೇ ಇಲ್ಲ. ಮರಿಮೀನೂ ಸಣ್ಣ ಮೀನೂ ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳಿಗೆ ಹೋಗುತ್ತವೆ. ಒಂದು ಕಿಲೋ ಮೀನಿನ ಹುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಆ ಹುಡಿ ಸಾಕಿದ ಸಿಗಡಿಗೂ ಕೋಳಿಗೂ ಆಹಾರವಾಗಿ, ಆ ಸಿಗಡಿ ದೂರದೇಶದ ಊಟದ ಮೇಜಿಗೆ ಹೋಗುತ್ತದೆ. ಬಡವನು ನೇರವಾಗಿ ತಿನ್ನಬಹುದಾಗಿದ್ದ ಮೀನು ಸಿರಿವಂತನ ಆಹಾರದ ಮೇವಾಗುತ್ತದೆ. ಪ್ರವಾದಿ ನಾತಾನನು ದಾವೀದನ ಮುಂದೆ ಹೇಳಿದ ಸಾಮ್ಯದಲ್ಲಿ, ಹಿಂಡುಗಳುಳ್ಳವನು ಅತಿಥಿಯ ಊಟಕ್ಕೆ ಬಡವನ ಒಂದೇ ಕುರಿಮರಿಯನ್ನು ಎತ್ತಿಕೊಂಡದ್ದನ್ನು ಇದು ನೆನಪಿಗೆ ತರುತ್ತದೆ. ಪರಿಪತ್ರದ 40ನೆಯ ಪರಿಚ್ಛೇದ ಮೀನು ಬರಿದಾಗುವುದನ್ನು ಕಂಡಿದೆ. ಈ ಕುರಿಮರಿಯನ್ನು ಕಂಡಿಲ್ಲ.

ಕಡಲತೀರದ ಜನರಲ್ಲಿ ಸಂಯಮದ ತಿಳಿವೂ ಇತ್ತು, ಇದೆ. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಕಾನೂನು ಬರುವ ಮೊದಲೂ ಮಳೆಗಾಲವೆಂದರೆ ಒಣಮೀನಿನ ಕಾಲವೇ. ಬೈಗೆ ಕನಿಷ್ಠ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್ ಬೆಳೆಯುವ ತನಕ ಹಿಡಿಯಬಾರದೆಂದು ಮೇಲೆ ಹೇಳಿದ ಸಂಶೋಧನಾ ಸಂಸ್ಥೆಯ ಶಿಫಾರಸು. ಹಕ್ಕಿಗೂಡಿನಲ್ಲಿ ತಾಯಿಯನ್ನೂ ಮರಿಗಳನ್ನೂ ಒಟ್ಟಿಗೆ ಹಿಡಿಯಬಾರದೆಂಬ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ ಆಜ್ಞೆಗೂ ಈ ಶಿಫಾರಸಿಗೂ ಇರುವ ಸಮೀಪವನ್ನು ಬೋಧಕನು ಪ್ರಯಾಸಪಟ್ಟು ತೋರಿಸಬೇಕಾಗಿಲ್ಲ.

ಶುದ್ಧಿಯ ಬಲೆ

ಭಾರತದಲ್ಲಿ ಆಹಾರದ ಪರಿಸರಬೋಧನೆ ಮಾಡುವವನಿಗೆ ಇನ್ನೊಂದು ಅಪಾಯ ಕಾದಿದೆ. ಮಾಂಸವನ್ನು ತಗ್ಗಿಸಿ ಎಂಬ ಮಾತು ಅಮೆರಿಕದಲ್ಲಿ ಅತಿಬಳಕೆಯ ವಿರುದ್ಧದ ಮಾತು. ಅದೇ ಮಾತು ನಮ್ಮಲ್ಲಿ ಬಾಯಿಯಿಂದ ಹೊರಬೀಳುವ ಮೊದಲೇ ಮಡಿ ಮೈಲಿಗೆಯ ಬಣ್ಣ ಹಚ್ಚಿಕೊಳ್ಳುತ್ತದೆ. ಏನು ತಿನ್ನುತ್ತಾನೆ ಎಂಬುದರಿಂದ ಮನುಷ್ಯನ ಮೇಲು ಕೀಳನ್ನು ಅಳೆದ ನಾಡಿನಲ್ಲಿ ಸಸ್ಯಾಹಾರವೆಲ್ಲ ಹಸಿರು, ಮಾಂಸಾಹಾರವೆಲ್ಲ ಪಾಪ ಎಂಬ ಸಮೀಕರಣವು ಹಳೆಯ ಅವಮಾನಕ್ಕೆ ಹೊಸ ವಿಜ್ಞಾನದ ಮುದ್ರೆ ಒತ್ತುತ್ತದೆ. ಗೋವಿನ ವಿಷಯದಲ್ಲಂತೂ 2020ರ ಕರ್ನಾಟಕದ ಕಾಯಿದೆ ಬಂದ ಮೇಲೆ ಹಲವರ ಪಾಲಿಗೆ ಆಯ್ಕೆಯ ಪ್ರಶ್ನೆಯೇ ಉಳಿದಿಲ್ಲ.

ಆ ಸಮೀಕರಣವನ್ನು ವಿಜ್ಞಾನವೂ ಒಪ್ಪುವುದಿಲ್ಲ. ಹಾಲು, ತುಪ್ಪ, ಪನೀರಿನ ಹಿಂದೆಯೂ ಮೆಲುಕು ಹಾಕುವ ದನ ಎಮ್ಮೆಗಳೇ ಇವೆ. ಅವುಗಳ ಮೀಥೇನು ಮಾಂಸಕ್ಕೂ ಹಾಲಿಗೂ ಭೇದ ಮಾಡುವುದಿಲ್ಲ. ನೀರು ನಿಂತ ಭತ್ತದ ಗದ್ದೆಯಿಂದಲೂ ಮೀಥೇನು ಏಳುತ್ತದೆ. ಆದುದರಿಂದ ನಾವು ಹೊಗಳಿದ ಕುಚ್ಚಲಕ್ಕಿಯೂ ನಿರ್ದೋಷಿಯಲ್ಲ. ಭತ್ತ ಬೇಯಿಸುವ ಒಲೆಗೆ ಸೌದೆಯೂ ಬೇಕು. ಯಾವ ತಟ್ಟೆಯೂ ಸಂಪೂರ್ಣ ನೀತಿವಂತವಲ್ಲ ಎಂಬ ಈ ಸತ್ಯವು ಕ್ರೈಸ್ತ ಬೋಧನೆಗೆ ಹೊಸತಾಗಿ ಕೇಳಬಾರದು. ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ಮನುಷ್ಯನಿಗೂ ಮೃಗಗಳಿಗೂ ಹಸಿರನ್ನೇ ಆಹಾರವಾಗಿ ಕೊಟ್ಟ ದೇವರು, ಒಂಬತ್ತನೆಯ ಅಧ್ಯಾಯದಲ್ಲಿ ಜಲಪ್ರಳಯದ ನಂತರ ಮಾಂಸವನ್ನು ರಕ್ತದ ಮಿತಿಯೊಡನೆ ಅನುಮತಿಸುತ್ತಾನೆ. ಮೊದಲನೆಯದು ಸೃಷ್ಟಿಯ ಗುರಿಯನ್ನು ತೋರಿಸಿದರೆ ಎರಡನೆಯದು ಕೆಟ್ಟ ಲೋಕಕ್ಕೆ ಹಾಕಿದ ಬೇಲಿ. ಎರಡೂ ಒಟ್ಟಿಗೆ ನಮ್ಮ ಮೇಲೆ ಅಧಿಕಾರ ನಡೆಸುತ್ತವೆ.

ಪೇತ್ರನು ಯೊಪ್ಪದಲ್ಲಿ ಕಂಡ ದರ್ಶನವು ಆಹಾರದ ಶುದ್ಧಾಶುದ್ಧದ ಮೂಲಕ ಜನರನ್ನು ದೂರವಿಡುವ ಪದ್ಧತಿಯನ್ನು ಮುರಿಯಿತು. ಪೌಲನು ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ತಿನ್ನುವವನು ತಿನ್ನದವನನ್ನು ಹೀನೈಸಬಾರದೆಂದೂ ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದೆಂದೂ ಬೋಧಿಸುತ್ತಾನೆ. ಆದರೆ ಅದೇ ಪೌಲನು ತನ್ನ ಊಟದಿಂದ ಬಲಹೀನನಾದ ಸಹೋದರನಿಗೆ ಕೇಡಾಗುವುದಾದರೆ ತಾನು ಮಾಂಸವನ್ನೇ ಬಿಡಲು ಸಿದ್ಧನೆಂದು ಕೊರಿಂಥದವರಿಗೆ ತಿಳಿಸುತ್ತಾನೆ. ಇಂದು ನಮ್ಮ ಊಟದಿಂದ ಕೇಡಿಗೆ ಗುರಿಯಾಗುವ ಬಲಹೀನ ಸಹೋದರ ಯಾರು? ಕಡಲ ಕೊರೆತಕ್ಕೆ ಮನೆ ಕಳೆದುಕೊಳ್ಳುವ ಮೀನುಗಾರ, ಮಳೆಯ ಹೊತ್ತು ತಪ್ಪಿ ಬೆಳೆ ಕಳೆದುಕೊಳ್ಳುವ ಗೇಣಿ ರೈತ, ಇನ್ನೂ ಹುಟ್ಟದ ಮಕ್ಕಳು. ಹೀಗೆ ಓದಿದಾಗ ಮಾಂಸವನ್ನು ತಗ್ಗಿಸುವ ಕರೆ ಶುದ್ಧಿಯ ಮಾತಾಗುವುದಿಲ್ಲ, ಪ್ರೀತಿಯ ಮಾತಾಗುತ್ತದೆ. ಆ ಕರೆ ಮೊದಲು ಸಲ್ಲಬೇಕಾದದ್ದು ವಾರದಲ್ಲಿ ಒಮ್ಮೆ ಕೋಳಿ ತರುವ ಮನೆಗಲ್ಲ, ದಿನಕ್ಕೆ ಎರಡು ಸಲ ಮಾಂಸವನ್ನೂ ಬೇಕಾದಷ್ಟು ತುಪ್ಪವನ್ನೂ ಬಳಸಬಲ್ಲ ಮನೆಗೆ. ಬಡದೇಶಕ್ಕಲ್ಲ, ಬಡದೇಶಗಳ ಸರಾಸರಿಯ ಏಳು ಪಟ್ಟು ಹೊಗೆ ಬಿಡುವ ದೇಶಕ್ಕೆ. ಈ ಏಳು ಪಟ್ಟಿನ ಲೆಕ್ಕವನ್ನು ಫ್ರಾನ್ಸಿಸರೇ 2023ರ ‘ಲೌದಾತೆ ದೇವುಮ್’ ಪ್ರಬೋಧನೆಯಲ್ಲಿ ಅಮೆರಿಕವನ್ನು ಹೆಸರಿಸಿ ಕೊಟ್ಟಿದ್ದಾರೆ.

ಮನೆವಾರ್ತೆಯ ಪಂಕ್ತಿ

ನಮ್ಮ ಕನ್ನಡ ಸತ್ಯವೇದದಲ್ಲಿ ಬರುವ ‘ಮನೆವಾರ್ತೆ’ ಎಂಬ ಮಾತು ಪರಿಪತ್ರದ ಬಿರುಕನ್ನು ಬೆಸೆಯಲು ಸಹಾಯಕವಾದುದು. ಮನೆವಾರ್ತೆಯವನು ಮನೆಯ ಒಡೆಯನಲ್ಲ, ಗ್ರಾಹಕನೂ ಅಲ್ಲ. ಮನೆಯ ಎಲ್ಲರಿಗೂ ಹೊತ್ತುಹೊತ್ತಿಗೆ ಅಶನ ಅಳೆದು ಕೊಡುವ ಹೊಣೆ ಹೊತ್ತವನು. ಅವನ ಲೆಕ್ಕದಲ್ಲಿ ಕಣಜವೂ ಒಲೆಯೂ ಎಲೆಯೂ ಒಂದೇ ಪುಸ್ತಕದಲ್ಲಿ ಇರುತ್ತವೆ.

ವಿಮೋಚನಕಾಂಡದ 16ನೆಯ ಅಧ್ಯಾಯದ ಮನ್ನವು ಇಂಥ ಲೆಕ್ಕದ ಮೊದಲ ಪಾಠ. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಮುಚ್ಚಿಟ್ಟದ್ದು ಹುಳ ಬಿದ್ದು ನಾರಿತು. ಏಳನೆಯ ದಿನ ಕೂಡಿಸುವುದೇ ನಿಂತಿತು. ಮಿತಿ, ಹಂಚಿಕೆ, ವಿಶ್ರಾಂತಿ ಈ ಮೂರೂ ಅಲ್ಲಿ ಒಬ್ಬನ ಸದ್ಗುಣವಾಗಿರದೆ ಇಡೀ ಜನಾಂಗದ ವ್ಯವಸ್ಥೆಯಾಗಿದ್ದವು. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ಆಹಾರವನ್ನು ಬೇಡುವಾಗಲೂ ‘ನಮ್ಮ’ ಎಂದೇ ಬೇಡುತ್ತೇವೆ, ಆ ದಿನಕ್ಕೆ ಸಾಕಾಗುವಷ್ಟನ್ನೇ ಬೇಡುತ್ತೇವೆ. ಕೊರಿಂಥದ ಸಭೆಯಲ್ಲಿ ಒಬ್ಬನು ಹಸಿದಿರುವಾಗ ಇನ್ನೊಬ್ಬನು ಮಿತಿಮೀರಿದ್ದನ್ನು ಕಂಡ ಪೌಲನು ಅದು ಕರ್ತನ ಭೋಜನವೇ ಅಲ್ಲವೆಂದನು. ಪರಿಪತ್ರದ 236ನೆಯ ಪರಿಚ್ಛೇದ ಪ್ರಭುಭೋಜನದಲ್ಲಿ ಇಡೀ ಸೃಷ್ಟಿ ದೇವರಿಗೆ ಕೃತಜ್ಞತೆ ಸಲ್ಲಿಸುವುದನ್ನು ಅತಿ ಸುಂದರವಾಗಿ ಕಾಣುತ್ತದೆ. ಕೊರಿಂಥದ ಪಂಕ್ತಿಭೇದದ ಎಚ್ಚರಿಕೆಯನ್ನೂ ಅದರ ಪಕ್ಕದಲ್ಲಿ ಇಟ್ಟಿದ್ದರೆ ಆ ದರ್ಶನ ನೆಲಕ್ಕೆ ಇನ್ನಷ್ಟು ಹತ್ತಿರವಾಗುತ್ತಿತ್ತು.

ಈ ವಿಮರ್ಶೆಯ ಪರೀಕ್ಷೆ ಕಡೆಗೆ ನಡೆಯಬೇಕಾದದ್ದು ಸಭೆಯ ಅಡುಗೆಮನೆಯಲ್ಲಿಯೇ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಕರಾವಳಿಯ ಕಥೋಲಿಕರು ಭತ್ತದ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುತ್ತಾರೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಹೊಸ ಅಕ್ಕಿಯನ್ನು ಸವಿದು, ಮೀನು ಮಾಂಸವಿಲ್ಲದ ತರಕಾರಿಯ ಊಟ ಮಾಡುತ್ತಾರೆ. ಹಿಂದೂ ನೆರೆಹೊರೆಯವರ ‘ಹೊಸ್ತು’ ಆಚರಣೆಗೆ ಇದು ಒಡಹುಟ್ಟಿದಂತಿದೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಸುಗ್ಗಿಯ ಹಬ್ಬದಂದು ಬೆಳೆಯನ್ನು ದೇವಾಲಯಕ್ಕೆ ತಂದು ಹರಾಜು ಮಾಡುವ ವಾಡಿಕೆಯಿದೆ. ಯಾರ ಆಹಾರವನ್ನೂ ಹೀನೈಸದೆ ವರ್ಷದಲ್ಲೊಂದು ದಿನ ಗದ್ದೆಯನ್ನೇ ಊಟದ ಕೇಂದ್ರದಲ್ಲಿ ಇಡುವ ಈ ಆಚರಣೆಗಳು ಯಾವ ಆಯೋಗದ ಪಟ್ಟಿಗಿಂತಲೂ ಹಳೆಯವು, ಜನರ ಪ್ರೀತಿಗೆ ಪಾತ್ರವಾದವು. ಆದರೆ ಸುತ್ತಲಿನ ಗದ್ದೆಗಳೆಲ್ಲ ಮಾಯವಾಗಿ ಆಶೀರ್ವದಿಸಬೇಕಾದ ತೆನೆಯನ್ನೇ ಬೇರೆ ಊರಿನಿಂದ ತರಿಸುವ ಸ್ಥಿತಿ ಬಂದರೆ ಆ ಆಶೀರ್ವಾದ ಏನನ್ನು ಸೂಚಿಸುತ್ತದೆ? ಆ ಪ್ರಶ್ನೆಯನ್ನು ಅಂದಿನ ಪ್ರಸಂಗದಲ್ಲಿಯೇ ಎತ್ತಬೇಕು.

ಅದರಾಚೆಗೆ ಮಾಡಬಹುದಾದ ಕೆಲಸಗಳು ಸರಳವಾದವು. ಸಭೆಗೋ ಧರ್ಮಕೇಂದ್ರಕ್ಕೋ ಹಡಿಲು ಬಿದ್ದ ಗದ್ದೆ ಇದ್ದರೆ ನೆಲವಿಲ್ಲದ ಕುಟುಂಬಗಳಿಗೆ ಉಳಲು ಕೊಡುವುದು ಯಾಜಕಕಾಂಡದ 25ನೆಯ ಅಧ್ಯಾಯದ ಮೇಲಿನ ಅತ್ಯುತ್ತಮ ವ್ಯಾಖ್ಯಾನವಾದೀತು. ಸೆಮಿನರಿಗಳ, ಹಾಸ್ಟೆಲುಗಳ ಅಡುಗೆಗೆ ಊರಿನ ಕುಚ್ಚಲಕ್ಕಿಯನ್ನು ರೈತನಿಂದ ನೇರವಾಗಿ ಕೊಳ್ಳಬಹುದು. ಹಬ್ಬದ ಊಟದಲ್ಲಿ ಮಾಂಸದ ಬಗೆಗಳನ್ನು ಎಣಿಸಿ ಸಂಭ್ರಮದ ಅಳತೆ ಮಾಡುವ ಚಟ ಬಿಡಬಹುದು. ಮರಿಮೀನನ್ನು ಕೊಳ್ಳದಿರಬಹುದು. ಐದು ಸಾವಿರ ಮಂದಿ ಉಂಡ ಮೇಲೆ ಉಳಿದ ತುಂಡುಗಳನ್ನು ಕೂಡಿಸಲು ಯೇಸುವೇ ಹೇಳಿದನೆಂಬುದನ್ನು ಮದುವೆಯ ಸಭಾಂಗಣಗಳಲ್ಲಿ ನೆನಪಿಸಬಹುದು. 2022ರಲ್ಲಿ ಲೋಕವು 105 ಕೋಟಿ ಟನ್ ಆಹಾರವನ್ನು ಎಸೆಯಿತೆಂದೂ ಅದರಲ್ಲಿ ಶೇ 60 ಮನೆಗಳಿಂದಲೇ ಬಂತೆಂದೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅಂದಾಜು ಮಾಡಿದೆ. ಈ ಯಾವುದಕ್ಕೂ ಬಡವನ ತಟ್ಟೆಯಿಂದ ಒಂದು ಬೈಗೆಯನ್ನೂ ತೆಗೆಯಬೇಕಾಗಿಲ್ಲ.

‘ಲೌದಾತೊ ಸಿ’ ತನ್ನ ಮೊದಲ ಹತ್ತು ವರ್ಷಗಳಲ್ಲಿ ಸಭೆಗಳಿಗೆ ಸೃಷ್ಟಿಯ ಮುಂದೆ ಮೊಣಕಾಲೂರಲು ಕಲಿಸಿದೆ. ಅದಕ್ಕೆ ನಾವು ಋಣಿಗಳು. ಊಟದ ವಿಷಯದಲ್ಲಿ ಅದು ಅರ್ಧಕ್ಕೆ ಬಿಟ್ಟ ಕೆಲಸವನ್ನು ಇನ್ನೊಂದು ಪರಿಪತ್ರ ಬಂದು ಮುಗಿಸಲಿ ಎಂದು ಕಾಯಬೇಕಾಗಿಲ್ಲ. ಅದರ ನೆಲದ ಪರಿಚ್ಛೇದಗಳನ್ನೂ ಊಟದ ಪರಿಚ್ಛೇದಗಳನ್ನೂ ಒಟ್ಟಿಗೆ ಓದುವುದನ್ನು ಕೆರಾಡಿಯಂಥ ಊರುಗಳ ಸಭಾಪಾಲಕರು ಆರಂಭಿಸಬಹುದು. ಮುಂದಿನ ಸುಗ್ಗಿಯ ಹಬ್ಬದ ಸಿದ್ಧತೆಗೆ ಸಭೆಯ ಹಿರಿಯರು ಕೂಡಿದಾಗ, ಅಡುಗೆಯ ಪಟ್ಟಿ ಬರೆಯುವ ಮೊದಲು, ಈ ಅಕ್ಕಿ ಯಾರ ಗದ್ದೆಯದು, ಈ ಮೀನು ಯಾವ ಬಲೆಯದು, ಈ ಪಂಕ್ತಿಯಲ್ಲಿ ಇನ್ನೂ ಕೂರದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಅವರ ಮುಂದೆ ಇಟ್ಟರೆ ಸಾಕು.